ಗೌಡರ ಭಾವೀ ಅಳಿಯನಿಗೆ ಗಣಿತ

ಪಾಠ ಹೇಳುವುದು ಒಂದು ಚಟ. ಕೇಳುವವರಿಗೆ ವಿದ್ಯೆ ಬರಲಿ ಬಿಡಲಿ, ಹೇಳುವವನಿಗೆ ತೃಪ್ತಿ ಖಂಡಿತ. ಹಗಲು ನಾನು ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳ ನಕ್ಷೆ ಬರೆಯುವ ಎಂಜಿನಿಯರು; ಸಂಜೆ ರಾಜಾಜಿನಗರದ ನಮ್ಮ ಮನೆಯಲ್ಲಿ ಗಣಿತ, ಭೌತಶಾಸ್ತ್ರದ ಮೇಷ್ಟ್ರು. ವಿಮಾನ ಹಾರಿಸುವವನೂ ನಾನೇ ಎಂದು ಬೀದಿಯವರೆಲ್ಲ ನಂಬಿದ್ದರು. ಏಣಿ ಹತ್ತಲೂ ಹೆದರುವ ಪ್ರಾಣಿ ಎಂಬುದು ಹೆಂಡತಿ ಲಲಿತಳಿಗೆ ಮಾತ್ರ ಗೊತ್ತು. ನನ್ನ ಪಾಠದ ವೈಖರಿಯೂ ಅವಳಿಗೆ ಗೊತ್ತು: ತ್ರಿಕೋನದಿಂದ ಹೊರಟು ರೆಕ್ಕೆಗೆ ಹೋಗಿ, ಗಾಳಿಯಲ್ಲಿ ಸುತ್ತಿ, ಮತ್ತೆ ತ್ರಿಕೋನಕ್ಕೆ ಇಳಿಯುವಷ್ಟರಲ್ಲಿ ಊಟದ ಹೊತ್ತು.

ಇಂಥ ಪಾಠ ಕೇಳಿಯೂ ಸರೋಜ ಇಂಟರ್‌ಮೀಡಿಯೆಟ್‌ನಲ್ಲಿ ಮೊದಲ ದರ್ಜೆ ಪಡೆದಳು. ಅವಳು ಮಲ್ಲತ್ತಹಳ್ಳಿಯ ಚಿಕ್ಕೇಗೌಡರ ಮಗಳು. ನಮ್ಮ ಬೀದಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅತ್ತೆಯ ಮಗ ಶಿವಣ್ಣನಿಗೇ ಅವಳನ್ನು ಕೊಡುವುದೆಂದು ಹಿರಿಯರು ಎಂದೋ ಮಾತಾಡಿಕೊಂಡಿದ್ದರು. ಈ ಶಿವಣ್ಣ ಅದೇ ಪರೀಕ್ಷೆಯ ಗಣಿತದಲ್ಲಿ ಮತ್ತೆ ಮತ್ತೆ ಗೋತಾ ಹೊಡೆದವನು.

ಫಲಿತಾಂಶ ಬಂದ ಮೇಲೆ ಗೌಡರು ಹಲಸಿನ ಹಣ್ಣು ಹೊತ್ತು ಬಂದರು. ಹಿಂದೆಯೇ ಸರೋಜ.

"ಮದುವೆ ಮಾಡ್ಕೊಳವ್ವಾ ಅಂದ್ರೆ, ಭಾವ ಲೆಕ್ಕದಲ್ಲಿ ಪಾಸಾಗ್ಲಿ, ಅಲ್ಲೀಗಂಟ ಬಿ.ಎಸ್‌ಸಿ. ಓದ್ತೀನಿ ಅಂತಾವ್ಳೆ ಸ್ವಾಮಿ. ಅದೂ ನ್ಯಾಯವೇ ಅನ್ನಿ. ಅವನಿಗೂ ನೀವೇ ಒಸಿ ಹೇಳ್ಕೊಡಿ."

ಸರೋಜ ನೆಲ ನೋಡುತ್ತಿದ್ದಳು. ಇಲ್ಲವೆನ್ನಲು ಬಾಯಿ ಬರದೆ ನಾನು ಒಪ್ಪಿಕೊಂಡುಬಿಟ್ಟೆ. ಅವರು ಹೋದ ಮೇಲೆ ಚಿಂತೆ ಹತ್ತಿತು.

"ಲಲಿತಾ, ಚೆನ್ನಾಗಿ ಹೇಳ್ಕೊಟ್ರೆ ಆ ಹುಡುಗಿ ಓದು ನಿಂತುಹೋಗುತ್ತೆ. ಬೇಕೂಂತ ಕೆಟ್ಟದಾಗಿ ಹೇಳ್ಕೊಡೋಕೆ ನನಗೆ ಮನಸ್ಸು ಬರಲ್ಲ. ಏನ್ಮಾಡ್ಲಿ?"

ಅವಳು ಹುರುಳಿಕಾಯಿ ಬಿಡಿಸುತ್ತಲೇ ಹೇಳಿದಳು: "ಅದಕ್ಕೆ ಯಾಕ್ರೀ ಯೋಚನೆ? ದಿನಾ ಹೇಳ್ಕೊಡೋ ಹಾಗೇ ಹೇಳ್ಕೊಡಿ, ಸಾಕು."

ಹಾಗೇ ಮಾಡಿದೆ. ಎಂದೂ ಇಲ್ಲದಷ್ಟು ಮನಸ್ಸಿಟ್ಟು ಹೇಳಿಕೊಟ್ಟೆ. ಶಿವಣ್ಣನೂ ಕಣ್ಣರಳಿಸಿಕೊಂಡು ಕೇಳಿದ. ವಿಮಾನ ಹೇಗೆ ಮೇಲೇಳುತ್ತದೆಂದು ಬೀದಿಗೆಲ್ಲ ವಿವರಿಸುವಷ್ಟು ಕಲಿತ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ. ಕೊನೆಗೆ ಓದಿಗೆ ಕೈಮುಗಿದು ಸೈಕಲ್ ಅಂಗಡಿ ಇಟ್ಟ, ಕೆಂಗೇರಿ ಕಡೆಯ ಹುಡುಗಿಯೊಬ್ಬಳನ್ನು ಮೆಚ್ಚಿ ಮದುವೆಯಾದ. ಅಷ್ಟರಲ್ಲಿ ಸರೋಜ ಬಿ.ಎಸ್‌ಸಿ. ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ ಆಗಿದ್ದಳು.

ಶಿವಣ್ಣನ ಮದುವೆಯ ಚಪ್ಪರದಲ್ಲಿ ಅವಳು ನನ್ನ ಕಾಲಿಗೆ ನಮಸ್ಕರಿಸಿದಳು. "ಭಾವನಿಗೂ ಪಾಠ ಹೇಳ್ಕೊಟ್ರಲ್ಲ ಸಾರ್, ಆ ಉಪಕಾರ ಮರೆಯೋಲ್ಲ."

ಮೇಷ್ಟ್ರಾಗಿ ನನಗೆ ಸಂದ ದೊಡ್ಡ ಹೊಗಳಿಕೆ ಅದು. ಪಕ್ಕದಲ್ಲಿದ್ದ ಲಲಿತ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ಯಾಕೆಂದು ನಾನು ಈವರೆಗೂ ಕೇಳಿಲ್ಲ.