ಗಂಟೆ ಟಗರಿನ ಹಿಂದೆ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಲಾರಿ ಟಕ್‌ವೆಲ್ ಪಕ್ಕದ ಮನೆಯ ನಾರ್ಮನ ಟಗರಿಗೆ ಕೊರಳಗಂಟೆ ಕಟ್ಟಿದ.

ವಿರಾಬಿ ಊರು ಯಾರಿಗೆ ಓಟು ಹಾಕಿದರೆ ಅವರೇ ಪ್ರತಿ ಸಲ ಚುನಾವಣೆ ಗೆಲ್ಲುತ್ತಿದ್ದರು. ಅದಕ್ಕೇ ಟೀವಿಯವರು ಊರನ್ನು ‘ಬೆಲ್‌ವೆದರ್’ ಎನ್ನುತ್ತಿದ್ದರು. ಹಿಂದಿನ ಸಂಜೆ, ಹುಲ್ಲುಹಾಸಿನ ಮೇಲೆ ಚೆಂಡು ಉರುಳಿಸಿ ಆಡುವ ಬೋಲ್ಸ್ ಕ್ಲಬ್ಬಿನಲ್ಲಿ, ಕ್ಲಾರಿ ವರದಿಗಾರ್ತಿ ಟ್ಯಾಮ್ಸಿನ್‌ಗೆ ಪಾಠ ಹೇಳಿದ್ದ.

"ಬೆಲ್ ಅಂದ್ರೆ ಗಂಟೆ, ವೆದರ್ ಅಂದ್ರೆ ಬೀಜ ಒಡೆದ ಟಗರು. ಹಳೇ ಕುರುಬರ ಮಾತಮ್ಮ. ಗಂಟೆ ಟಗರು ಮುಂದೆ, ಮಂದೆಯೆಲ್ಲ ಹಿಂದೆ."

"ನೀವು ಕಣ್ಣಾರೆ ನೋಡಿದೀರಾ?"

"ನಾಳೆ ನಿಮಗೇ ತೋರಿಸ್ತೀನಿ!"

ಅವನು ನೋಡಿರಲಿಲ್ಲ. ಆ ಸೀಮೆಯಲ್ಲಿ ಕುರಿ ನಡೆಸುವುದು ನಾಯಿ. ಆದರೆ ಇಡೀ ಕ್ಲಬ್ಬು ಕೇಳಿಸಿಕೊಂಡಿತ್ತು. ತಪ್ಪಿದರೆ ಸಾಯುವವರೆಗೂ ಆಡಿಕೊಳ್ಳುತ್ತಿತ್ತು.

"ನಮ್ಮ ಕುರಿಗಳೆಲ್ಲ ಗಬ್ಬ ಇದಾವೆ," ಹೆಂಡತಿ ಬೆರಿಲ್ ಗದರಿದಳು. "ಒಂದು ಕಮ್ಮಿ ಬಂದ್ರೂ ನೀನೂ ಮನೆಗೆ ಬರ್ಬೇಡ."

ಟಗರು ಮದುವಣಿಗನಂತೆ ಗಂಭೀರವಾಗಿ ಹೊರಟಿತು. ಕುರಿಗಳು ನಿಜಕ್ಕೂ ಹಿಂಬಾಲಿಸಿದವು. ಕ್ಯಾಮೆರಾದವನು ಮುಂದೆ ಓಡಿ ಚಿತ್ರ ತೆಗೆದ. ಅಭ್ಯರ್ಥಿಯೊಬ್ಬರು ನಗುತ್ತಾ ಬಂದು ಸೇರಿಕೊಂಡರು. ಅವರ ಹಿಂದೆ ಅರ್ಧ ಊರು. ಕ್ಲಾರಿಯ ಎದೆ ಪೂರಿಯಂತೆ ಉಬ್ಬಿತು.

"ಎಷ್ಟು ಚೆನ್ನಾಗಿ ಪಳಗಿಸಿದೀಯಲ್ಲೋ ನಾರ್ಮ್!" ಎಂದ, ಪಕ್ಕದಲ್ಲೇ ನಡೆಯುತ್ತಿದ್ದ ನೆರೆಯವನಿಗೆ.

"ನಾನೆಲ್ಲಿ ಪಳಗಿಸ್ದೆ ಮಾರಾಯ? ಕಸಾಯಿಖಾನೇಲಿ ಎಂಟು ವರ್ಷ ಸರ್ವಿಸ್ ಇದಕ್ಕೆ. ಹೊಸ ಕುರಿಗಳನ್ನ ಒಳಗೆ ಕರ್ಕೊಂಡು ಹೋಗೋದೇ ಕೆಲಸ. ಆಮೇಲೆ ಸಣ್ಣ ಕಿಂಡೀಲಿ ತಾನು ಮಾತ್ರ ಆಚೆ."

ಕ್ಲಾರಿ ತಲೆಯೆತ್ತಿದ. ಟಗರು ಕಸಾಯಿಖಾನೆಯ ಓಣಿಗೆ ತಿರುಗುತ್ತಿತ್ತು.

"ಒಳಗೆ ಹೋದ ಕುರೀನ ಜೀವಂತ ಹೊರಗೆ ಬಿಡಲ್ಲ, ಅದು ರೂಲ್ಸು," ಎಂದ ನಾರ್ಮ್.

"ಅಯ್ಯೋ, ತಡೀರಿ!" ಎನ್ನುತ್ತಾ ಕ್ಲಾರಿ ಓಡಿದ. ಅವನು ಓಡಿದ್ದು ಕಂಡು ಕ್ಯಾಮೆರಾದವನು ಓಡಿದ, ಟ್ಯಾಮ್ಸಿನ್ ಓಡಿದಳು, ಅಭ್ಯರ್ಥಿ ಓಡಿದರು, ಏನೆಂದು ತಿಳಿಯದ ಅರ್ಧ ಊರೂ ಓಡಿತು. ಒಳಕ್ಕೆ ಮಾತ್ರ ತೆರೆಯುವ, ಒಳಗಿನಿಂದ ತೆಗೆಯಲು ಬಾರದ ಗೇಟು ಎಲ್ಲರ ಬೆನ್ನಿಗೆ ಧಡಾರನೆ ಮುಚ್ಚಿಕೊಂಡಿತು. ಸುತ್ತ ಎರಡಾಳೆತ್ತರದ ತಗಡಿನ ಗೋಡೆ.

ಟಗರು ಕಿಂಡಿಯಲ್ಲಿ ನುಸುಳಿ ಮನೆಗೆ ಹೊರಟಿತು. ಕ್ಲಾರಿ ದೊಡ್ಡಿಯ ಮೂಲೆಮೂಲೆ ಹುಡುಕಿದ. ಒಳಗೆ ಒಂದು ಕುರಿಯೂ ಇರಲಿಲ್ಲ. ಜನ ನುಗ್ಗಿದ ಗದ್ದಲಕ್ಕೆ ಅವು ಓಣಿಯ ಬಾಯಲ್ಲೇ ಬೆದರಿ ಬೇರೆ ಕಡೆ ಓಡಿದ್ದವು.

"ನೀವು ಹೇಳಿದ್ದು ನಿಜ ಬಿಡಿ," ಎಂದಳು ಟ್ಯಾಮ್ಸಿನ್, ಕೂದಲಲ್ಲಿದ್ದ ಹುಲ್ಲು ಕೀಳುತ್ತಾ. "ಒಬ್ಬ ಮುಂದೆ ಹೋದ್ರೆ ಸಾಕು."

ಶನಿವಾರದ ರಜೆಯಲ್ಲಿದ್ದ ಕಸಾಯಿಖಾನೆಯ ಮೇಸ್ತ್ರಿ ಬಂದು ಗೇಟು ತೆರೆಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಕುರಿಗಳೆಲ್ಲ ಬೋಲ್ಸ್ ಕ್ಲಬ್ಬಿನ ಅಂಗಳದಲ್ಲಿ ಸಿಕ್ಕವು, ಹುಲ್ಲುಹಾಸು ಸಿಗಲಿಲ್ಲ. ಅದು ಮತ್ತೆ ಚಿಗುರುವವರೆಗೆ ಕ್ಲಬ್ಬು ಕ್ಲಾರಿಯನ್ನು ಒಳಗೆ ಸೇರಿಸಲಿಲ್ಲ.