ಎಡಕ್ಕೆ ತಿರುಗಿದ ಗುಂಡುಕಲ್ಲು

ಎಡಗೈಯವನಾಗಿ ಹುಟ್ಟಿದವನಿಗೆ ಈ ಲೋಕದಲ್ಲಿ ಕತ್ತರಿಯಿಂದ ಹಿಡಿದು ಕಾಲೇಜಿನ ಕುರ್ಚಿಯವರೆಗೆ ಎಲ್ಲವೂ ಶತ್ರುಗಳೇ. ನನ್ನ ಪರಮ ಶತ್ರು ಮಾತ್ರ ಅಮ್ಮನ ಕಡೆಯುವ ಕಲ್ಲು. ಕುದ್ರೋಳಿಯ ನಮ್ಮ ಮನೆಯ ಹಿಂಬದಿಯಲ್ಲಿ ಆ ಕಲ್ಲಿನ ಮುಂದೆ ಕೂತು ಮಸಾಲೆ ಅರೆಯಹೊರಟರೆ, ನನ್ನ ಎಡಗೈಯಲ್ಲಿ ಗುಂಡು ತಾನಾಗಿ ಎಡಕ್ಕೆ ಸುತ್ತುತ್ತಿತ್ತು. ಅಮ್ಮನಿಗೆ ಅಷ್ಟು ಸಾಕು. “ದೇವಸ್ಥಾನಕ್ಕೆ ಯಾರಾದ್ರೂ ಉಲ್ಟಾ ಸುತ್ತು ಬರ್ತಾರಾ? ಮಸಾಲೆ ಕೆಡ್ತದೆ, ಏಳು” ಎಂದು ಬೆನ್ನಿಗೊಂದು ಕೊಡುತ್ತಿದ್ದಳು. ಬನಿಯನ್ನಿನ ಮೇಲೆ ಐದು ಬೆರಳಿನ ಅರಿಸಿನದ ಗುರುತು ಮೂಡುತ್ತಿತ್ತು. ಆ ಬನಿಯನ್ ಈಗ ಸಿಕ್ಕಿದರೆ ತೊಳೆಯದೆ ಇಟ್ಟುಕೊಳ್ಳುತ್ತಿದ್ದೆ.

ಆ ಸಿಟ್ಟಿಗೋ ಏನೋ, ನಾನು ಮುಂದೆ ಭೌತಶಾಸ್ತ್ರ ಓದಿ, ಪರಮಾಣುವಿನ ನ್ಯೂಕ್ಲಿಯಸ್ ಹೇಗೆ ತಿರುಗುತ್ತದೆ ಎಂಬುದರ ಮೇಲೆಯೇ ಸಂಶೋಧನೆ ಮಾಡಿದೆ. ಎಲ್ಲ ನ್ಯೂಕ್ಲಿಯಸ್ಸುಗಳೂ ಚೆಂಡಿನಂತೆ ಉರುಟಾಗಿರುವುದಿಲ್ಲ. ಕೆಲವು ಉದ್ದ, ಅಗಲ, ದಪ್ಪ ಮೂರೂ ಬೇರೆ ಬೇರೆಯಾದ ಸೊಟ್ಟ ಗಡ್ಡೆಗಳು. ಅಂಥದರೊಳಗೆ ಒಂದು ಪ್ರೋಟಾನು ಒಂದು ದಿಕ್ಕಿಗೆ ಜಗ್ಗುತ್ತದೆ, ಒಂದು ನ್ಯೂಟ್ರಾನು ಇನ್ನೊಂದು ದಿಕ್ಕಿಗೆ, ಉಳಿದ ಗಡ್ಡೆ ಮೂರನೆಯ ದಿಕ್ಕಿಗೆ, ಥೇಟ್ ಕೂಡುಕುಟುಂಬ. ಕೊನೆಗೆ ಇಡೀ ನ್ಯೂಕ್ಲಿಯಸ್ ಈ ಮೂರೂ ಅಲ್ಲದ ಒಂದು ಓರೆ ಅಕ್ಷದ ಮೇಲೆ ತಿರುಗಿಕೊಂಡು ಕಾಲ ಹಾಕುತ್ತದೆ. ಈ ವಿಚಿತ್ರ ತಿರುಗಾಟದಲ್ಲಿ ಬಲಗೈ ಬಗೆ, ಎಡಗೈ ಬಗೆ ಎಂದು ಎರಡುಂಟು, ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ನನ್ನ ಪ್ರಬಂಧ ಒಪ್ಪಿಗೆಯಾದ ದಿನ ಓಡಿಬಂದು, “ಅಮ್ಮಾ, ಅಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಇಲ್ಲ” ಎಂದು ಸಾರಿದೆ. ಅಮ್ಮ ಕಲ್ಲಿನಿಂದ ತಲೆ ಎತ್ತಲಿಲ್ಲ. “ನಿನ್ನ ಪರಮಾಣು ಕೋಳಿ ಗಸಿ ಮಾಡ್ತದಾ?” ಎಂದಳು. ಈಗಲೂ ಕಾಲೇಜಿನಲ್ಲಿ ಈ ಪಾಠ ಮಾಡುವಾಗೆಲ್ಲ ನನಗೆ ಆ ಕೋಳಿ ಸಾರಿನ ಪರಿಮಳ ಬರುತ್ತದೆ.

ಅಮ್ಮ ಕಳೆದ ವರ್ಷ ತೀರಿಕೊಂಡಳು. ತೀರಿಹೋದವರನ್ನು ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಊಟಕ್ಕೆ ಕರೆಯುವ ಕ್ರಮ ನಮ್ಮಲ್ಲಿದೆ. ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಕರೆದು, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಆ ದಿನ ಬೆಳಿಗ್ಗೆ ಕುದ್ರೋಳಿ ಮನೆಯಲ್ಲಿರುವ ಅಕ್ಕನ ಫೋನು ಬಂತು. “ನನ್ನ ಕೈ ಉಳುಕಿದೆ ಮಾರಾಯ. ಮಿಕ್ಸಿಯದ್ದು ಅಮ್ಮ ಮುಟ್ಲಿಕ್ಕಿಲ್ಲ. ನೀನೇ ಬಂದು ಗಸಿಗೆ ಕಡೆದು ಕೊಡು.” ಪಿತೃಗಳು ಬರುತ್ತಾರೆಂಬುದನ್ನು ಎಂದೂ ನಂಬದ ನಾನು ಚಹಾವನ್ನು ಅರ್ಧಕ್ಕೆ ಬಿಟ್ಟು ಮಣ್ಣಗುಡ್ಡದ ನನ್ನ ಮನೆಯಿಂದ ಹೊರಟೆ.

“ಇವತ್ತೊಂದು ದಿನ ಬಲಗೈಯಲ್ಲಿ ಮಾಡು” ಎಂದಳು ಅಕ್ಕ. ಬಲಗೈಯಲ್ಲಿ ಹಿಡಿದ ಗುಂಡು ಸ್ವಲ್ಪ ಹೊತ್ತಿಗೇ ನನ್ನ ಎಡಗೈ ಹೆಬ್ಬೆರಳ ಮೇಲೆ ಬಂದು ಕೂತಿತು. ನಾನು ಕೈ ಬದಲಿಸಿದೆ.

“ಅಮ್ಮ ಬೈತಾಳೆ ನೋಡು.”

“ಬೈಲಿಕ್ಕಾದ್ರೂ ಬರ್ಲಿ ಅಕ್ಕ” ಎಂದೆ. ಅಕ್ಕ ಕಾಯಿತುರಿ ತಂದು ಕಲ್ಲಿಗೆ ಹಾಕಿದಳು.

ಬಡಿಸಿ, ಕರೆದು, ಬಾಗಿಲು ಹಾಕಿ ಜಗಲಿಯಲ್ಲಿ ನಿಂತೆವು. ಅಕ್ಕ ಕೈಮುಗಿದಿದ್ದಳು. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳಿಕೊಡುವ ನಾನು ಬಾಗಿಲಿಗೆ ಕಿವಿಯಾನಿಸಿದ್ದೆ. ನ್ಯೂಕ್ಲಿಯಸ್ಸನ್ನೂ ಯಾರೂ ಕಣ್ಣಾರೆ ಕಂಡವರಿಲ್ಲ. ಒಳಗಿನಿಂದ ಏನಾದರೂ ಬರುತ್ತದೆಯೋ ಎಂದು ಕಾಯುವುದೇ ನನ್ನ ಕಸುಬು. ಏನೂ ಬರಲಿಲ್ಲ. ಅಕ್ಕ ಒಮ್ಮೆ ಕೆಮ್ಮಿ ಬಾಗಿಲು ತೆರೆದಳು. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ನನಗೆ ಅಳು ಬಂತು. ಹಸಿ ಮೆಣಸಿನ ಘಾಟು ಎಂದೆ, ಗಸಿಗೆ ಹಾಕಿದ್ದು ಒಣ ಮೆಣಸು.

ಊಟಕ್ಕೆ ಕೂತಾಗ ಅಕ್ಕ ಒಂದು ತುತ್ತು ಬಾಯಿಗಿಟ್ಟು, “ಎಂತ ವ್ಯತ್ಯಾಸವೂ ಇಲ್ಲ ಮಾರಾಯ, ಅಮ್ಮನದ್ದೇ ರುಚಿ ಉಂಟು” ಎಂದಳು. ಹುಟ್ಟಿನಿಂದ ನಡೆದ ವಾದದಲ್ಲಿ ನಾನು ಗೆದ್ದಿದ್ದೆ. ಆದರೆ ಅಮ್ಮನ ಪರವಾಗಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

“ಇಲ್ಲ ಅಕ್ಕ, ಏನೋ ಕಮ್ಮಿ ಉಂಟು. ಎಡಗೈಯಲ್ಲಿ ಕಡೆದದ್ದು ಸರಿ ಆಗುವುದಿಲ್ಲ” ಎಂದು ನಾನೇ ವಾದಕ್ಕಿಳಿದೆ.