ಮೈಕ್ ಮುಂದೆ ಹಾಜರಿ

ಗಂಟಲು ದೊಡ್ಡದಿದ್ದವನಿಗೆ ಭಾಷಣವೂ ಬರುತ್ತದೆ ಎಂದು ಜನ ನಂಬಿದ್ದಾರೆ. ನನ್ನ ಕಷ್ಟಕ್ಕೆಲ್ಲ ಈ ನಂಬಿಕೆಯೇ ಮೂಲ. ಹೊಂಗಡಹಳ್ಳದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್. ದಿನಾ ಬೆಳಿಗ್ಗೆ ಸ್ಟೋರ್ ಮುಂದೆ ನಿಂತು ಆಳುಗಳ ಹೆಸರು ಕೂಗಿ, ಯಾರಿಗೆ ಹಣ್ಣು ಕೊಯ್ಲು, ಯಾರಿಗೆ ಕಳೆ ಎಂದು ಕೆಲಸ ಹಂಚುತ್ತೇನೆ. ನನ್ನ ದನಿ ಆಚೆ ದಿಬ್ಬದಲ್ಲಿ ಆಳುಗಳಿರುವ ಲೈನ್ ಮನೆಗಳಿಗೂ ಕೇಳುತ್ತದೆ. ಆದರೆ ಅದು ಭಾಷಣವಲ್ಲ. ಹೆಸರು ಕೂಗುವುದರಲ್ಲಿ ಒಂದು ಅನುಕೂಲವಿದೆ; ಮುಂದೇನು ಎಂದು ಯೋಚಿಸುವಷ್ಟರಲ್ಲಿ ಎದುರಿನವರೇ ಓಗೊಟ್ಟಿರುತ್ತಾರೆ.

ನನ್ನ ಹೆಂಡತಿ ಇಲ್ಲಿಯ ಅಂಗನವಾಡಿಯಲ್ಲಿ ಟೀಚರ್ ಆಗಿದ್ದಳು. ಹೋದ ತಿಂಗಳು ನಿವೃತ್ತಳಾದಳು. ಬೀಳ್ಕೊಡುಗೆಗೆ ಇನ್ನೂ ಒಂದು ವಾರ ಇದ್ದಾಗಿನ ಮಾತು. ಅವಳು ಹಿಟ್ಟಿನ ಉಂಡೆ ಹಾಕುತ್ತಿದ್ದಳು, ನಾನು ಶ್ಯಾವಿಗೆ ಒರಳು ತಿರುಗಿಸುತ್ತಿದ್ದೆ.

"ಅವತ್ತು ನೀವೂ ನಾಕು ಮಾತಾಡ್ಬೇಕು ಕಣ್ರೀ," ಅಂದಳು.

"ನಂಗೆಲ್ಲಿ ಬರುತ್ತೆ ಅದು?"

"ದಿನಾ ಎಸ್ಟೇಟ್ನೋರ ಹೆಸರೆಲ್ಲ ಕೂಗ್ತೀರ. ನನ್ನ ಹೆಸರು ನಾಕು ಜನರ ಮುಂದೆ ಒಂದ್ಸಲನಾದ್ರೂ ಹೇಳಿದ್ದೀರ?"

ಹೇಳಿರಲಿಲ್ಲ. ನಮ್ಮ ಮನೆಯಲ್ಲಿ 'ಇವಳೇ' ಎಂದರೆ ಸಾಕು. ಎಷ್ಟೋ ಸಲ ಅದೂ ಬೇಕಿಲ್ಲ, ಕೆಮ್ಮಿದರೆ ನಡೆಯುತ್ತದೆ. ಅವಳು ನಗುತ್ತಲೇ ಕೇಳಿದ್ದಳು. ಆದರೆ ಉಂಡೆ ಹಿಡಿದ ಕೈ ಒಂದು ಗಳಿಗೆ ಒರಳಿನ ಮೇಲೆ ಹಾಗೇ ನಿಂತದ್ದನ್ನು ನಾನು ನೋಡಿದೆ. ಒಪ್ಪಿಕೊಂಡೆ.

ಆಮೇಲೆ ಮೊಬೈಲಿನಲ್ಲಿ ಒಳ್ಳೆಯ ಭಾಷಣಕಾರನ ಗುಣಗಳನ್ನು ಕಲಿಯಲು ಕೂತೆ. ಟೈ ಕಟ್ಟಿದ ಯುವಕನೊಬ್ಬ ಹೇಳಿಕೊಟ್ಟ. ಸಭಿಕರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಂತೆ. ನಡುನಡುವೆ ಸುಮ್ಮನಾಗಬೇಕಂತೆ. ಕೈಗಳೂ ಮಾತಾಡಬೇಕಂತೆ. ಕಾಫಿ ಒಣಗಿಸುವ ಕಣದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಕೈ ಬೀಸಿ, "ಮಾನ್ಯರೇ" ಎಂದು ಸುಮ್ಮನಾದೆ. ಹಿಂದಿನಿಂದ ಹಣ್ಣು ಹರವಲು ಬಂದ ಆಳು ದ್ಯಾವಮ್ಮ ಕೇಳಿದಳು: "ಯಾರ್ನ ಓಡಿಸ್ತಿದ್ದೀರಿ ರೈಟ್ರೇ, ಕೋತಿ ಬಂದಿತ್ತಾ?"

ಅಂಗನವಾಡಿಯ ಅಂಗಳದಲ್ಲೇ ಶಾಮಿಯಾನ ಹಾಕಿದ್ದರು. ಮೇಲ್ವಿಚಾರಕಿ ಮೇಡಂ ಪೌಷ್ಟಿಕ ಆಹಾರದ ಬಗ್ಗೆ ತಡವರಿಸದೆ ಮಾತಾಡಿದರು. ಆಮೇಲೆ ನಾನು. "ಮಾನ್ಯರೇ" ಅಂದೆ, ಸುಮ್ಮನಾದೆ. ಈ ಸಲ ಯುವಕ ಹೇಳಿಕೊಟ್ಟನೆಂದಲ್ಲ, ಮುಂದಿನದು ಬರಲಿಲ್ಲ. ಕಣ್ಣಲ್ಲಿ ಕಣ್ಣಿಡೋಣವೆಂದು ನೋಡಿದರೆ ಎದುರಿಗೆ ಕೂತವರೆಲ್ಲ ನಮ್ಮ ಎಸ್ಟೇಟಿನವರೇ. ಮೊದಲ ಸಾಲಿನಲ್ಲಿ ದ್ಯಾವಮ್ಮ. ಬಾಯಿ ತಾನಾಗಿ ತೆರೆಯಿತು.

"ದ್ಯಾವಮ್ಮ."

"ಬಂದಿವ್ನಿ ಸಾ," ಎಂದು ಅವಳು ಎದ್ದು ನಿಂತಳು.

ಹಾಜರಿ ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವುದು ನನಗೆ ಗೊತ್ತಿಲ್ಲ. ಸಾಲು ಹಿಡಿದು ಕೂಗುತ್ತಾ ಹೋದೆ. ಅವರೂ ಅಭ್ಯಾಸದಂತೆ ಎದ್ದೆದ್ದು ಓಗೊಟ್ಟರು. ಅರ್ಧಕ್ಕರ್ಧ ಜನ ಸಣ್ಣವರಿದ್ದಾಗ ಅದೇ ಅಂಗಳದಲ್ಲಿ ನನ್ನ ಹೆಂಡತಿ ಹೆಸರು ಕರೆದಾಗ ಹೀಗೇ ಎದ್ದು ನಿಂತವರು. ಮೇಡಂ ಗಡಿಯಾರ ನೋಡಿಕೊಂಡರು. ಎದುರಿನ ಹೆಸರುಗಳು ಮುಗಿದವು. ತಿರುಗಿದೆ. ವೇದಿಕೆಯ ಕುರ್ಚಿಯಲ್ಲಿ ಹಾರ ಹಾಕಿಕೊಂಡು, ತಲೆ ತಗ್ಗಿಸಿ, ನಗು ತಡೆಯುತ್ತಾ ಒಬ್ಬಳು ಉಳಿದಿದ್ದಳು.

"ಸರೋಜ," ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ. ಮೈಕ್ ಇದ್ದದ್ದರಿಂದ ಉಳಿದವರಿಗೆ ಕೇಳಿರಬೇಕು, ಎಲ್ಲರ ಮುಖವೂ ಆ ಕುರ್ಚಿಯತ್ತ ತಿರುಗಿತು.

ಅವಳು ಎದ್ದಳು. "ಬಂದಿದೀನಿ ಕಣ್ರೀ."

ಹೆಸರು ಕೂಗಿದ ಮೇಲೆ ಕೆಲಸ ಹೇಳುವುದು ನಮ್ಮ ಕ್ರಮ. "ನಾಳೆಯಿಂದ ನಿಂಗೆ ಕೆಲಸ ಇಲ್ಲ. ಆರಾಮಾಗಿರು," ಎಂದು ಹೇಳಿ ಹೋಗಿ ಕೂತುಬಿಟ್ಟೆ.

ಜನ ನಕ್ಕರು. ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಚೆನ್ನಾಗಿ ಸಿದ್ಧತೆ ಮಾಡಿಕೊಂಡಿದ್ದೀರಿ," ಎಂದರು ಮೇಡಂ. ನಾನು ಇಲ್ಲ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಕೆಮ್ಮಿದೆ. ಕಾಫಿ ಬರಲಿಲ್ಲ. ಇನ್ನೊಮ್ಮೆ ಕೆಮ್ಮಿದೆ. ಕಂಬಳಿಯ ಒಳಗಿಂದ ದನಿ ಬಂತು: "ನಂಗೆ ಇವತ್ತಿಂದ ಕೆಲಸ ಇಲ್ವಲ್ಲ. ಊರೆಲ್ಲ ಕೇಳೋ ಹಂಗೆ ಹೇಳ್ಬುಟ್ಟಿದ್ದೀರ."

ಭಾಷಣಕಾರ ಆಡಿದ ಮಾತಿನಂತೆ ಬದುಕಬೇಕಾಗುತ್ತದೆ ಎಂಬುದನ್ನು ಆ ಟೈ ಕಟ್ಟಿದವನು ಹೇಳಿರಲಿಲ್ಲ. ಈಗ ದಿನಾ ಕಾಫಿ ನನ್ನದೇ. ಲೋಟ ಇಟ್ಟು ಹೆಸರು ಕೂಗುತ್ತೇನೆ. ಆಚೆ ದಿಬ್ಬಕ್ಕೆ ಕೇಳುವ ದನಿ ಮೊದಲ ಸಲಕ್ಕೆ ಅವಳಿಗೆ ಕೇಳುವುದಿಲ್ಲ. ಎರಡನೇ ಸಲ ಕೂಗಿದ ಮೇಲೇ ಓಗೊಡುತ್ತಾಳೆ. ಕಿವಿ ಸ್ವಲ್ಪ ಮಂದವಾಗಿದೆ ಎಂದು ಕೆಲವು ದಿನ ನಾನೂ ನಂಬಿದ್ದೆ.